ಹುಲ್ಲು ಓಡಿಹೋಗುವುದಿಲ್ಲ: ಕೊಡಗಿನ ತೋಟದ ಕೆರೆಯಲ್ಲಿ ಹುಲ್ಲುಗೆಂಡೆಗೆ ಫ್ಲೈ ಹಾಕುವ ಬಗೆ

ಫೆಬ್ರವರಿ ಕೊನೆಯ ಹೊತ್ತಿಗೆ ಕೊಡಗಿನ ತೋಟದ ಕೆರೆಗಳಲ್ಲಿ ನೀರು ಇಳಿಯುತ್ತದೆ. ರೊಬಸ್ಟಾ ಕಾಫಿ ಹೂ ಬಿಡಬೇಕಾದರೆ ಆ ಹೊತ್ತಿಗೆ ಒಂದು ಮಳೆ ಬೇಕು. ಮಳೆ ಬರಲಿಲ್ಲ ಅಂದರೆ ಮೋಟಾರ್ ಇಟ್ಟು, ಪೈಪ್ ಎಳೆದು, ಸ್ಪ್ರಿಂಕ್ಲರ್ ತಿರುಗಿಸುತ್ತಾರೆ. ದಿನ ಕಳೆದಂತೆ ಕೆರೆಯ ಅಂಚು ಕೆಳಕೆಳಗೆ ಸರಿಯುತ್ತದೆ. ಮಳೆಗಾಲದ ಕೆಂಪು ಎಲ್ಲ ತಳ ಸೇರಿ ನೀರು ತಿಳಿಯಾಗಿರುತ್ತದೆ. ಆಗ ಏರಿಯ ಮೇಲೆ ನಿಂತು ನೋಡಿದರೆ, ತೋಳಿನಷ್ಟು ಉದ್ದದ ಮೀನುಗಳು ನಾಲ್ಕೈದು ಒಟ್ಟಾಗಿ, ಸದ್ದಿಲ್ಲದೆ, ಮೇಲ್ಮಟ್ಟದಲ್ಲೇ ತೇಲುತ್ತಾ ಹೋಗುವುದು ಕಾಣುತ್ತದೆ. ಅವು ಹುಲ್ಲುಗೆಂಡೆಗಳು. ತೋಟದಲ್ಲಿ ಎಲ್ಲರೂ ಗ್ರಾಸ್ ಕಾರ್ಪ್ ಅಂತಲೇ ಕರೆಯುವುದು.

ಮರುಕ್ಷಣ ಅವು ಅಲ್ಲಿರುವುದಿಲ್ಲ. ನೀರಿನ ಮೇಲೆ ಒಂದು ಸುಳಿ, ಕೆಳಗೆ ಕೆಸರಿನ ಹೊಗೆ, ಅಷ್ಟೇ. ಅರ್ಧ ಗಂಟೆ ಕಾದರೂ ಒಂದೂ ಮೇಲೆ ಬರುವುದಿಲ್ಲ.

ಇಷ್ಟು ಅಂಜುವ ಮೀನನ್ನು ಫ್ಲೈ ಗಾಳದಲ್ಲಿ, ಅಂದರೆ ಗರಿ, ನೂಲು ಕಟ್ಟಿ ಮೇವಿನ ಹಾಗೆ ಮಾಡಿದ ಕೊಕ್ಕೆಯಲ್ಲಿ, ಹಿಡಿಯಲು ಆಗುತ್ತದೆಯೇ? ಆಗುತ್ತದೆ. ಸಿದ್ದಾಪುರದ ಕಡೆಯ ಒಂದು ತೋಟದ ಕೆರೆಯಲ್ಲಿ ನಾಲ್ಕು ಬೇಸಿಗೆ ನಾನು ಇದರ ಹಿಂದೆ ಬಿದ್ದಿದ್ದೇನೆ. ಮೊದಲ ಬೇಸಿಗೆ ಪೂರ್ತಿ ಒಂದೂ ಸಿಗಲಿಲ್ಲ. ಫ್ಲೈ ಸರಿ ಇಲ್ಲ ಅಂದುಕೊಂಡು ಬಗೆಬಗೆಯ ಫ್ಲೈ ಕಟ್ಟಿದೆ. ತಪ್ಪು ಫ್ಲೈಯಲ್ಲಿ ಇರಲಿಲ್ಲ. ಈ ಮೀನು ಹೇಗೆ ಬದುಕುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಜಾಗಕ್ಕೆ ಬಂತು.

ಅವಸರವಿಲ್ಲದ ಮೀನು

ಬೇರೆ ಮೀನುಗಳನ್ನು ನೆನಪಿಸಿಕೊಳ್ಳಿ. ಕೊರವ ಮೀನಿನ ಮುಂದೆ ಕಪ್ಪೆ ಹಾರಿದರೆ ಅದು ಅರ್ಧ ಸೆಕೆಂಡಿನಲ್ಲಿ ನಿರ್ಧಾರ ಮಾಡಬೇಕು. ತಡ ಮಾಡಿದರೆ ಕಪ್ಪೆ ಹೋಯಿತು. ಕಾವೇರಿಯ ಬಿಳಿ ಮೀನು, ಅಂದರೆ ಮಹಶೀರ್, ಹರಿಯುವ ನೀರಿನಲ್ಲಿ ನಿಂತಿರುತ್ತದೆ. ತಿನ್ನುವ ವಸ್ತು ಅದರ ಮುಂದೆ ಸರ್ರನೆ ಹೋಗುತ್ತಿರುತ್ತದೆ. ಬಾಯಿ ಹಾಕದಿದ್ದರೆ ಇನ್ನೊಂದು ಮೀನಿನ ಪಾಲು. ಹಾಗಾಗಿ ಈ ಮೀನುಗಳಿಗೆ ಗಾಳ ಹಾಕುವವರು ಅವುಗಳ ಅವಸರವನ್ನೇ ನಂಬಿಕೊಂಡಿರುತ್ತಾರೆ. ಗಾಳವನ್ನು ಕುಣಿಸುತ್ತಾರೆ, ಎಳೆಯುತ್ತಾರೆ, ಓಡಿಸುತ್ತಾರೆ.

ಹುಲ್ಲುಗೆಂಡೆಗೆ ಆ ಅವಸರ ಇಲ್ಲ. ಅದು ತಿನ್ನುವುದು ಹುಲ್ಲು. ಹುಲ್ಲು ಓಡಿಹೋಗುವುದಿಲ್ಲ. ಈಗ ತಿನ್ನದಿದ್ದರೆ ಇನ್ನು ಹತ್ತು ನಿಮಿಷ ಬಿಟ್ಟು ತಿನ್ನಬಹುದು. ಹತ್ತಿರ ಬಂದು ನೋಡಬಹುದು, ಒಂದು ಸುತ್ತು ಹಾಕಬಹುದು, ಸ್ವಲ್ಪ ಅನುಮಾನ ಬಂದರೂ ಬಿಟ್ಟು ಹೋಗಬಹುದು. ಅದಕ್ಕೆ ಏನೂ ನಷ್ಟ ಇಲ್ಲ. ಇದರ ಅಂಜಿಕೆ ಅಂತ ನಾವು ಹೇಳುವುದರ ಅರ್ಧ ಪಾಲು ಈ ಪುರುಸೊತ್ತು. ಪರೀಕ್ಷೆ ಮಾಡಲು ಅದಕ್ಕೆ ಬೇಕಾದಷ್ಟು ಸಮಯ ಇದೆ.

ಇದು ನಮ್ಮ ಮೀನಲ್ಲ. ಚೀನಾದ ದೊಡ್ಡ ನದಿಗಳು, ಉತ್ತರಕ್ಕೆ ಆಮೂರ್ ನದಿ, ದಕ್ಷಿಣಕ್ಕೆ ವಿಯೆಟ್ನಾಂವರೆಗಿನ ನೀರು ಇದರ ತವರು. ಭಾರತಕ್ಕೆ ಬಂದದ್ದು 1959ರಲ್ಲಿ, ಹಾಂಗ್‌ಕಾಂಗ್‌ನಿಂದ, ಒಡಿಶಾದ ಕಟಕ್‌ಗೆ. ಅದಕ್ಕೆ ಎರಡು ವರ್ಷ ಮೊದಲು, 1957ರಲ್ಲಿ, ಒಡಿಶಾದಲ್ಲೇ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಗೆಂಡೆ ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸುವುದನ್ನು ಸಾಧಿಸಿದ್ದರು. ಅದು ಇಲ್ಲದಿದ್ದರೆ ಇವತ್ತು ನಮ್ಮ ಕೆರೆಗಳಲ್ಲಿ ಈ ಮೀನು ಇರುತ್ತಿರಲಿಲ್ಲ. ಹುಲ್ಲುಗೆಂಡೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅದರ ಮೊಟ್ಟೆ ಹರಿಯುವ ನದಿಯಲ್ಲಿ ತೇಲುತ್ತಾ ಹೋಗುತ್ತಲೇ ಒಡೆಯಬೇಕು. ಹಾಗಾಗಿ ನಿಮ್ಮ ಕೆರೆಯಲ್ಲಿರುವ ಪ್ರತಿ ಹುಲ್ಲುಗೆಂಡೆಯೂ ಯಾವತ್ತೋ ಒಂದು ದಿನ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಮರಿಯಾಗಿ ಬಂದದ್ದು. ಆಮೇಲೆ ನೀರುಕಾಗೆ, ಮಿಂಚುಳ್ಳಿ, ನೀರುನಾಯಿ, ಬೇಸಿಗೆಯ ಬಲೆ, ಎಲ್ಲ ದಾಟಿ ಉಳಿದಿದೆ. ನಾಲ್ಕೈದು ವರ್ಷದ ಮೀನು ಅಂದರೆ ಇಷ್ಟೆಲ್ಲ ನೋಡಿದ ಮೀನು.

ಗುರುತು ಹಿಡಿಯುವುದು ಸುಲಭ. ಕಾಮನ್ ಕಾರ್ಪ್‌ಗೆ ಮೀಸೆ ಇರುತ್ತದೆ, ಬೆನ್ನಿನ ರೆಕ್ಕೆ ಉದ್ದ. ಹುಲ್ಲುಗೆಂಡೆಗೆ ಮೀಸೆ ಇಲ್ಲ, ಬೆನ್ನಿನ ರೆಕ್ಕೆ ಗಿಡ್ಡ, ಮೈ ದುಂಡಗೆ ಕೊಳವೆಯ ಹಾಗೆ. ಒಂದೊಂದು ಹುರುಪೆಗೂ ಪೆನ್ಸಿಲ್‌ನಲ್ಲಿ ಗೆರೆ ಎಳೆದಂತೆ ಕಪ್ಪು ಅಂಚು. ಬಾಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ, ಬಾಚಣಿಗೆಯ ಹಾಗೆ. ತುಟಿಯಿಂದ ಹುಲ್ಲು ಹಿಡಿದು, ಒಳಗೆಳೆದು, ಗಂಟಲಲ್ಲಿ ಅರೆಯುತ್ತದೆ. ಈ ವಿಷಯ ಮುಂದೆ ಗಾಳ ಎಳೆಯುವ ಹೊತ್ತಿಗೆ ಬೇಕಾಗುತ್ತದೆ, ನೆನಪಿಡಿ.

ಮಾತು ಕೇಳಿಸುವುದಿಲ್ಲ, ಹೆಜ್ಜೆ ಕೇಳಿಸುತ್ತದೆ

ಗೆಂಡೆ ಜಾತಿಯ ಮೀನುಗಳ ಕಿವಿ ಬಹಳ ಚುರುಕು. ಅವುಗಳ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಸಣ್ಣ ಮೂಳೆಗಳ ಸರಪಳಿ ಇದೆ. ಜರ್ಮನಿಯ ವೆಬರ್ ಎಂಬ ವಿಜ್ಞಾನಿ 1820ರಲ್ಲಿ ಇದನ್ನು ವಿವರಿಸಿದ. ನೀರಿನಲ್ಲಿ ಬಂದ ಕಂಪನಕ್ಕೆ ಗಾಳಿಚೀಲ ತಮಟೆಯ ಚರ್ಮದ ಹಾಗೆ ಅದುರುತ್ತದೆ. ಮೂಳೆಗಳು ಆ ಅದುರನ್ನು ಕಿವಿಗೆ ಮುಟ್ಟಿಸುತ್ತವೆ.

ಹಾಗಾದರೆ ಕೆರೆ ಹತ್ತಿರ ಮಾತೇ ಆಡಬಾರದೇ? ಆಡಬಹುದು. ಗಾಳಿಯಲ್ಲಿ ಬಂದ ಸದ್ದು ನೀರಿನ ಮೇಲ್ಮೈಗೆ ತಗುಲಿ ಹೆಚ್ಚುಕಡಿಮೆ ಪೂರ್ತಿ ವಾಪಸ್ ಹೋಗುತ್ತದೆ. ಆದರೆ ನೆಲದಲ್ಲಿ ಬಂದ ಸದ್ದು ಹಾಗಲ್ಲ. ಬೇಸಿಗೆಯಲ್ಲಿ ಏರಿಯ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಗಮ್‌ಬೂಟ್ ಹಾಕಿ ಧಪಧಪ ನಡೆದರೆ ಪ್ರತಿ ಹೆಜ್ಜೆಯೂ ನೇರ ನೀರಿಗೆ ಇಳಿಯುತ್ತದೆ. ನಾನು ಈಗ ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿ, ಹಿಮ್ಮಡಿ ಮೊದಲು ಊರದೆ ನಡೆಯುತ್ತೇನೆ. ಕೊನೆಯ ಇಪ್ಪತ್ತು ಹೆಜ್ಜೆಗೆ ಐದು ನಿಮಿಷ ತೆಗೆದುಕೊಳ್ಳುತ್ತೇನೆ. ನಾಯಿಯನ್ನು ಮನೆಯಲ್ಲೇ ಬಿಡಿ. ಅದಕ್ಕೆ ಬೇಜಾರಾಗುತ್ತದೆ, ಆದರೂ ಬಿಡಿ.

ಕಣ್ಣಿನ ಲೆಕ್ಕ ಇನ್ನೂ ಸ್ವಾರಸ್ಯ. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಇಡೀ ಲೋಕ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ಬೆಳಕು ನೀರಿಗೆ ಬರುವಾಗ ಬಾಗುವುದರಿಂದ ಈ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಅದರ ಸುತ್ತ ಉಳಿದದ್ದೆಲ್ಲ ಕನ್ನಡಿ. ಅಲ್ಲಿ ಮೀನಿಗೆ ಕೆರೆಯ ತಳವೇ ತಿರುಗಿ ಕಾಣುತ್ತದೆ. ಮೀನು ಮೇಲೆ ಬಂದಷ್ಟೂ ಕಿಟಕಿ ಚಿಕ್ಕದಾಗುತ್ತದೆ. ಒಂದು ಅಡಿ ಆಳದಲ್ಲಿರುವ ಮೀನಿಗೆ ಕಿಟಕಿಯ ಅಗಲ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಆ ಪುಟ್ಟ ಕಿಟಕಿಯಲ್ಲೇ ಇಡೀ ಆಕಾಶ, ಮರ, ಏರಿ, ನೀವು, ಎಲ್ಲ ಇರುತ್ತೀರಿ. ಆದರೆ ಅಂಚಿಗೆ ಹೋದಂತೆ ಚಿತ್ರ ಹಿಸುಕಿಹೋಗುತ್ತದೆ. ನೀರಿನ ಮಟ್ಟದಿಂದ 10 ಡಿಗ್ರಿ ಎತ್ತರದವರೆಗಿನ ಎಲ್ಲವೂ ಕಿಟಕಿಯ ಅಂಚಿನಲ್ಲಿ ಒಂದೇ ಡಿಗ್ರಿಯ ಪಟ್ಟಿಯೊಳಗೆ, ಮಸುಕಾಗಿ ತುಂಬಿಕೊಂಡಿರುತ್ತದೆ. ಅಲ್ಲಿ ಏನಿದೆ ಅಂತ ಮೀನಿಗೆ ಸರಿಯಾಗಿ ತಿಳಿಯುವುದಿಲ್ಲ. ನಮಗೆ ಬೇಕಾದ ಜಾಗ ಅದೇ.

ಈಗ ಲೆಕ್ಕ ಹಾಕಿ. ನೀರು ಇಳಿದಿರುವುದರಿಂದ ಏರಿ ನೀರಿಗಿಂತ ಐದು ಅಡಿ ಮೇಲಿದೆ ಅಂದುಕೊಳ್ಳಿ. ಅದರ ಮೇಲೆ ನಿಂತವರ ತಲೆ ನೀರಿನಿಂದ ಹತ್ತೂವರೆ ಅಡಿ ಎತ್ತರದಲ್ಲಿರುತ್ತದೆ. ಮೂವತ್ತಮೂರು ಅಡಿ ದೂರದ ಮೀನಿಗೆ ಅದು ಸುಮಾರು 18 ಡಿಗ್ರಿ. ಚೆನ್ನಾಗಿ ಕಾಣುತ್ತದೆ. ಅದೇ ನೀವು ಇಳಿದು, ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತರೆ ತಲೆ ಮೂರಡಿ ಎತ್ತರ. ಆಗ 5 ಡಿಗ್ರಿ ಮಾತ್ರ. ಮಸುಕು ಪಟ್ಟಿಯೊಳಗೆ ನೀವು ಸೇರಿಹೋಗುತ್ತೀರಿ. ನನ್ನ ಮೊದಲ ಬೇಸಿಗೆ ಹಾಳಾದದ್ದು ಏರಿಯ ಮೇಲೆ ನಿಂತದ್ದರಿಂದ. ನಿಂತರೆ ನಮಗೆ ಮೀನು ಚೆನ್ನಾಗಿ ಕಾಣುತ್ತದೆ. ಹಾಗೆ ನಿಂತವರು ಮೀನಿಗೂ ಚೆನ್ನಾಗಿ ಕಾಣುತ್ತಾರೆ.

ಆದ್ದರಿಂದ ನೋಡುವ ಕೆಲಸವನ್ನು ದೂರದ ಮರದ ಮರೆಯಿಂದ ಮಾಡಿ. ಎಸೆಯುವ ಕೆಲಸವನ್ನು ಕೂತು ಮಾಡಿ. ಎರಡನ್ನೂ ಒಂದೇ ಜಾಗದಿಂದ ಮಾಡಲು ಹೋಗಬೇಡಿ. ಪೋಲರೈಸ್ಡ್ ಕನ್ನಡಕ ಒಂದಿರಲಿ. ಇದಕ್ಕೆ ಖರ್ಚು ಮಾಡಿದ ಹಣ ವ್ಯರ್ಥವಾಗುವುದಿಲ್ಲ. ನೀರಿನ ಮೇಲಿನ ಹೊಳಪು ಹೋಗಿ ಒಳಗಿನ ಮೀನು ಕಾಣುತ್ತದೆ.

ಕೋಲು ಮತ್ತು ಫ್ಲೈ

ಹೊಸಬರಿಗಾಗಿ ಎರಡು ಮಾತು. ಸಾಮಾನ್ಯ ಗಾಳದಲ್ಲಿ ಸೀಸದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಕೊಕ್ಕೆಗೆ ಕಟ್ಟಿದ ಗರಿ, ನೂಲಿಗೆ ತೂಕವೇ ಇಲ್ಲ. ತೂಕ ಇರುವುದು ದಪ್ಪನೆಯ ಲೈನ್‌ಗೆ. ಆ ಲೈನನ್ನು ಚಾಟಿಯ ಹಾಗೆ ಬೀಸಿ ಬಿಡಿಸುತ್ತೇವೆ, ಫ್ಲೈ ಅದರ ಹಿಂದೆ ಹೋಗುತ್ತದೆ. ಲೈನ್‌ಗೂ ಫ್ಲೈಗೂ ನಡುವೆ ಕಣ್ಣಿಗೆ ಕಾಣದಂಥ ತೆಳು ದಾರ. ಅದು ಲೀಡರ್. ಅದರ ತುದಿಯ ತೆಳುವಾದ ಭಾಗ ಟಿಪ್ಪೆಟ್.

ಹುಲ್ಲುಗೆಂಡೆಗೆ ಒಂಬತ್ತು ಅಡಿಯ 7 ಅಥವಾ 8 ನಂಬರ್ ಕೋಲು, ತೇಲುವ ಲೈನ್, ಹನ್ನೆರಡು ಅಡಿ ಲೀಡರ್. ಲೀಡರ್ ಉದ್ದ ಇದ್ದಷ್ಟೂ ದಪ್ಪ ಲೈನ್ ಮೀನಿನಿಂದ ದೂರ ಬೀಳುತ್ತದೆ. ಟಿಪ್ಪೆಟ್ ನಾಲ್ಕರಿಂದ ಐದು ಕೆಜಿ ತಡೆಯುವಂಥದ್ದು. ಇದಕ್ಕಿಂತ ತೆಳು ಬೇಡ. ಮೀನು ಹತ್ತು ಕೆಜಿ ಇರಬಹುದು, ಸುತ್ತ ಬೇರು, ಮುಳುಗಿದ ಕೊಂಬೆ ಇರಬಹುದು. ತೇಲುವ ಫ್ಲೈಗೆ ನೈಲಾನ್ ಟಿಪ್ಪೆಟ್, ಮುಳುಗುವ ಫ್ಲೈಗೆ ಫ್ಲೂರೋಕಾರ್ಬನ್. ಮೊದಲನೆಯದು ನೀರಿನ ಮೇಲೆ ನಿಲ್ಲುತ್ತದೆ, ಎರಡನೆಯದು ಇಳಿಯುತ್ತದೆ.

ಫ್ಲೈ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಡಬ್ಬಿಯಲ್ಲಿ ಈಗ ಉಳಿದಿರುವುದು ನಾಲ್ಕು ಬಗೆ ಮಾತ್ರ. ಒಂದು, ಹುಲ್ಲು. 8 ಅಥವಾ 10 ನಂಬರ್ ಕೊಕ್ಕೆಗೆ ತಿಳಿಹಸಿರು ನೂಲು ಸುತ್ತಿ, ಬಾಲಕ್ಕೆ ಎರಡು ಬೆರಳಗಲದ ಹಸಿರು ಗರಿ. ಅಷ್ಟು ಸಾಕು. ಎರಡು, 12 ನಂಬರಿನ ಕಂದು ನಿಂಫ್, ಅಂದರೆ ನೀರುಹುಳದ ಮರಿಯ ಹಾಗೆ ಕಾಣುವ ಫ್ಲೈ, ತೂಕ ಸೇರಿಸದೆ ಕಟ್ಟಿದ್ದು. ಹೆಸರು ಹುಲ್ಲುಗೆಂಡೆ ಅಂತ ಇದ್ದರೂ ಹುಳ ಸಿಕ್ಕರೆ ಅದು ಬಿಡುವುದಿಲ್ಲ. ಮೂರು, ಬಿಳಿ ಫೋಮ್‌ನ ತುಂಡು, ಅನ್ನದ ಅಗುಳಿನ ಗುಂಪಿನ ಹಾಗೆ ಕಾಣುವಂಥದ್ದು. ಕೆಲವು ಕೆರೆಗಳಲ್ಲಿ ದಿನಾ ಒಂದೇ ಜಾಗದಲ್ಲಿ ತೌಡು, ಕಡಲೆಕಾಯಿ ಹಿಂಡಿ, ಅನ್ನ ಹಾಕುತ್ತಾರೆ, ಅಲ್ಲಿಗೆ ಇದು. ನಾಲ್ಕನೆಯದು ನೇರಳೆ ಹಣ್ಣು. ಅದರ ಕಥೆ ಆಮೇಲೆ.

ಗರಿಗೆ ನಾಟಿಕೋಳಿಯ ಕುತ್ತಿಗೆ ಗರಿ ಚೆನ್ನಾಗಿದೆ, ಬಣ್ಣ ಹಾಕಿಕೊಳ್ಳಬಹುದು. ಕಾಡುಕೋಳಿಯ ಗರಿ, ಜಿಂಕೆಯ ಕೂದಲು ಹೊರದೇಶದ ಫ್ಲೈ ಕಟ್ಟುವವರು ಬಳಸುತ್ತಾರೆ. ನಮ್ಮಲ್ಲಿ ಅದನ್ನು ಮುಟ್ಟಲೇಬೇಡಿ. ವನ್ಯಜೀವಿ ಕಾನೂನಿನಲ್ಲಿ ಅವು ರಕ್ಷಿತ ಪ್ರಾಣಿಗಳು. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಚಪ್ಪಟೆ ಮಾಡಿ. ಬಿಡಿಸುವುದು ಸುಲಭ, ಕೈಗೆ ಚುಚ್ಚಿದರೂ ಬಚಾವ್.

ಇಪ್ಪತ್ತು ನಿಮಿಷ ಸುಮ್ನೆ ಕೂತುಕೊಳ್ಳಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಎಸೆಯುವ ಮೊದಲಿನ ಈ ಹೊತ್ತು. ಕೆರೆ ಹತ್ತಿರ ಹೋದ ತಕ್ಷಣ ಲೈನ್ ಬಿಚ್ಚುವವರಿಗೆ ಈ ಮೀನು ಸಿಗುವುದು ಕಷ್ಟ. ಸಿಲ್ವರ್ ಓಕ್‌ನ ಬುಡದಲ್ಲಿ ಕೂತು ಮೀನು ಏನು ಮಾಡುತ್ತಿದೆ ಅಂತ ನೋಡಿ.

ಕೆಲವು ಮೀನು ಅಲುಗಾಡದೆ, ಮೈ ಬಿಸಿ ಮಾಡಿಕೊಳ್ಳುತ್ತಾ ಮೇಲೆ ನಿಂತಿರುತ್ತವೆ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಇದು ಜಾಸ್ತಿ. ಕೊಡಗಿನ ಚಳಿಗೆ ನೀರು ತಣ್ಣಗಿರುತ್ತದೆ. ಈ ಮೀನಿಗೆ ಹಸಿವು ಚೆನ್ನಾಗಿ ಏಳುವುದು ನೀರು 20 ಡಿಗ್ರಿ ದಾಟಿದ ಮೇಲೆ. ಬಿಸಿಲು ಕಾಯುವ ಮೀನಿಗೆ ಫ್ಲೈ ಹಾಕಬೇಡಿ. ಅದು ತಿನ್ನುವುದಿಲ್ಲ, ಹೆದರಿ ಓಡುತ್ತದೆ, ಓಡುವಾಗ ಉಳಿದವನ್ನೂ ಓಡಿಸುತ್ತದೆ.

ಇನ್ನು ಕೆಲವು ಸುತ್ತು ಹೊಡೆಯುತ್ತಿರುತ್ತವೆ. ಇವುಗಳ ದಾರಿ ಹೆಚ್ಚುಕಡಿಮೆ ಒಂದೇ. ತೂಬಿನ ಕಡೆಯಿಂದ ಹೊರಟು, ಬಿದಿರು ಮೆಳೆಯ ನೆರಳು ದಾಟಿ, ಕೋಡಿಯ ಹತ್ತಿರ ತಿರುಗಿ ವಾಪಸ್. ಎರಡು ಮೂರು ಸುತ್ತು ನೋಡಿದರೆ ಎಷ್ಟು ನಿಮಿಷಕ್ಕೆ ಒಮ್ಮೆ ಎಲ್ಲಿಗೆ ಬರುತ್ತವೆ ಅಂತ ಗೊತ್ತಾಗುತ್ತದೆ. ಆಗ ಮೀನಿನ ಹಿಂದೆ ಹೋಗುವ ಕೆಲಸ ಇಲ್ಲ. ಅದು ಆ ಕಡೆ ಹೋದಾಗ ನೀವು ಈ ಕಡೆ ಇಳಿದು ಕೂತರೆ ಆಯಿತು.

ಬೇಕಾದದ್ದು ತಿನ್ನುತ್ತಿರುವ ಮೀನು. ಅಂಚಿನ ಹುಲ್ಲು ಗಾಳಿ ಇಲ್ಲದೆಯೂ ಅಲ್ಲಾಡುತ್ತದೆ. ಒಂದೊಂದು ಎಳೆ ಒಳಗೆ ಎಳೆದ ಹಾಗೆ ಮುಳುಗುತ್ತದೆ. ಹತ್ತಿರ ಇದ್ದರೆ ಚಪ್ ಚಪ್ ಅನ್ನುವ ಸದ್ದು ಕೇಳುತ್ತದೆ. ಆ ಸದ್ದು ಮೊದಲ ಸಲ ಕೇಳಿದಾಗ ನನಗೆ ಕೈ ನಡುಗಿತ್ತು. ಈಗಲೂ ಸ್ವಲ್ಪ ನಡುಗುತ್ತದೆ.

ತಿನ್ನುವ ಮೀನು ಇಲ್ಲದಿದ್ದರೆ ತಿನ್ನಿಸಬಹುದು. ಗಾಳಿ ಬೀಸುವ ಕಡೆಯಿಂದ ಒಂದು ಹಿಡಿ ಎಳೆ ಹುಲ್ಲು ಕತ್ತರಿಸಿ ನೀರಿನ ಮೇಲೆ ಚೆಲ್ಲಿ. ಅದು ತೇಲುತ್ತಾ ಎದುರು ಮೂಲೆಗೆ ಹೋಗಿ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಮೀನೂ ಅಲ್ಲಿಗೆ ಬರುತ್ತದೆ. ಮೀನು ಸಾಕುವ ಕೆರೆಗಳಲ್ಲಿ ಬಿದಿರಿನ ಚೌಕಟ್ಟು ಕಟ್ಟಿ ತೇಲಿಬಿಟ್ಟು, ಅದರೊಳಗೆ ನೇಪಿಯರ್ ಹುಲ್ಲು ಹಾಕುವ ಪದ್ಧತಿ ಇದೆ. ಅಂಥ ಚೌಕಟ್ಟು ಇದ್ದರೆ ನಿಮ್ಮ ಅರ್ಧ ಕೆಲಸ ಆಯಿತು. ಫ್ಲೈ ಹಾಕಬೇಕಾದದ್ದು ಚೌಕಟ್ಟಿನ ಒಳಗಲ್ಲ, ಅದರ ಹೊರ ಅಂಚಿನ ಒಂದು ಅಡಿ ಆಚೆ. ಒಳಗಿಂದ ತಪ್ಪಿ ಬಂದ ಎಳೆಯ ಹಾಗೆ ಅದು ಕಾಣಬೇಕು. ದೊಡ್ಡ ಮೀನುಗಳು ಗುಂಪಿನ ನೂಕಾಟಕ್ಕೆ ಹೋಗದೆ ಹೊರಗಿನಿಂದಲೇ ತಿನ್ನುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಎಸೆತ

ಕೊಡಗಿನಲ್ಲಿ ಫ್ಲೈ ಬೀಸುವವರಿಗೆ ಮೊದಲ ತೊಂದರೆ ಹಿಂದಿನ ಜಾಗ. ಬೆನ್ನ ಹಿಂದೆಯೇ ಕಾಫಿ ಗಿಡ, ಅದರ ಮೇಲೆ ಮೆಣಸಿನ ಬಳ್ಳಿ ಹತ್ತಿದ ಮರ. ಹಿಂದಕ್ಕೆ ಬೀಸಿದ ಲೈನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಏರಿಗೆ ಅಡ್ಡವಾಗಿ ಬೀಸುವ ಬದಲು ಏರಿಯ ಉದ್ದಕ್ಕೆ ಬೀಸುವುದು ನಾನು ಕಂಡುಕೊಂಡ ದಾರಿ. ಏರಿ ನೆಟ್ಟಗೆ ಇರುತ್ತದೆ, ಹಿಂದೆ ಮುಂದೆ ಎರಡೂ ಕಡೆ ಖಾಲಿ. ಹುಲ್ಲುಗೆಂಡೆ ಹೇಗೂ ಅಂಚಿನ ಉದ್ದಕ್ಕೇ ಬರುತ್ತದೆ. ಕೋಲನ್ನು ತಲೆ ಮೇಲೆ ಎತ್ತದೆ, ಪಕ್ಕಕ್ಕೆ ಮಲಗಿಸಿ ಬೀಸಿ. ಗಾಳಿಯಲ್ಲಿ ನಾಲ್ಕೈದು ಸಲ ಬೀಸುವುದು ಬೇಡ. ಲೈನಿನ ನೆರಳು ಒಮ್ಮೆ ಮೈಮೇಲೆ ಹಾದರೆ ಸಾಕು, ಮೀನು ಹೋಯಿತು. ಬೇಕಾದಷ್ಟು ಲೈನ್ ಮೊದಲೇ ಎಳೆದಿಟ್ಟುಕೊಂಡು, ಒಂದು ಸಲ ಹಿಂದೆ, ಒಂದು ಸಲ ಮುಂದೆ, ಅಷ್ಟರಲ್ಲಿ ಮುಗಿಸಿ.

ಎಲ್ಲಿ ಬೀಳಬೇಕು? ಮೀನಿನ ದಾರಿಯಲ್ಲಿ, ಅದರ ಮೂಗಿಗಿಂತ ನಾಲ್ಕೈದು ಅಡಿ ಮುಂದೆ, ಸ್ವಲ್ಪ ಆಚೆ. ಮೇಲೆ ಹೇಳಿದ ಕಿಟಕಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಅಡಿ ಆಳದ ಮೀನಿಗೆ ಕಿಟಕಿ ತನ್ನ ಸುತ್ತ ಒಂದು ಅಡಿ ಚಿಲ್ಲರೆ ಮಾತ್ರ. ನಾಲ್ಕು ಅಡಿ ದೂರದಲ್ಲಿ ಬಿದ್ದ ಫ್ಲೈ ಕಿಟಕಿಯ ಹೊರಗೆ ಬೀಳುತ್ತದೆ. ಬೀಳುವುದನ್ನು ಮೀನು ನೋಡುವುದಿಲ್ಲ. ಮುಂದೆ ಬಂದಾಗ ಅದು ಮೊದಲಿಂದಲೂ ಅಲ್ಲೇ ಇದ್ದ ಹಾಗೆ ಇರುತ್ತದೆ. ತಲೆಯ ಮೇಲೆ ಬಿದ್ದರೆ ಮಿಂಚುಳ್ಳಿ ಬಿದ್ದ ಹಾಗೆ. ಆ ನೆನಪು ಮರಿಯಾಗಿದ್ದಾಗಿನಿಂದ ಅದಕ್ಕಿದೆ.

ಬಿದ್ದ ಮೇಲೆ ಏನು ಮಾಡಬೇಕು? ಏನೂ ಮಾಡಬಾರದು. ನನಗೆ ಅತಿ ಕಷ್ಟವಾದ ಪಾಠ ಇದು. ಬೇರೆ ಮೀನಿಗೆ ಗಾಳ ಹಾಕಿ ಅಭ್ಯಾಸವಾದ ಕೈ ತಾನಾಗಿ ಲೈನ್ ಎಳೆಯುತ್ತದೆ. ಎಳೆದ ಕ್ಷಣ ಹುಲ್ಲು ಓಡಿದ ಹಾಗಾಯಿತು. ಹುಲ್ಲು ಓಡುವುದನ್ನು ಈ ಮೀನು ಹುಟ್ಟಿದಾಗಿನಿಂದ ನೋಡಿಲ್ಲ. ಫ್ಲೈ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ, ಮೀನು ಇನ್ನೂ ದೂರ ಇರುವಾಗಲೇ ಮೆಲ್ಲಗೆ ಸರಿಸಿ ದಾರಿಗೆ ತನ್ನಿ. ಮೀನು ಆರು ಅಡಿಯೊಳಗೆ ಬಂದ ಮೇಲೆ ಕೈ ಕಲ್ಲಾಗಲಿ. ಮುಳುಗುವ ಫ್ಲೈ ಆದರೆ ತನ್ನ ತೂಕಕ್ಕೆ ತಾನೇ ಇಳಿಯಲಿ. ಸಣ್ಣ ಗಾಳಿ ಇದ್ದು ನೀರಿನ ಮೇಲೆ ಕಿರು ಅಲೆ ಇದ್ದರೆ ಬಹಳ ಒಳ್ಳೆಯದು. ಕಿಟಕಿ ಕಲಕುತ್ತದೆ, ದಾರ ಕಾಣುವುದಿಲ್ಲ, ಫ್ಲೈ ಸಹಜವಾಗಿ ಅಲ್ಲಾಡುತ್ತದೆ.

ಮೀನು ಬಂದು ನೋಡಿ ಬಿಟ್ಟು ಹೋಯಿತೇ? ಫ್ಲೈ ಎತ್ತಬೇಡಿ. ಅದು ಪೂರ್ತಿ ದೂರ ಹೋಗುವವರೆಗೆ ಹಾಗೇ ಇರಲಿ. ಮುಂದಿನ ಸುತ್ತಿಗೆ ಬಂದಾಗ ಅದೇ ಫ್ಲೈ ಅದೇ ಜಾಗದಲ್ಲಿ ಇದ್ದರೆ ಅದಕ್ಕೆ ಅನುಮಾನ ಕಡಿಮೆ. ನನಗೆ ಸಿಕ್ಕ ದೊಡ್ಡ ಮೀನುಗಳಲ್ಲಿ ಎರಡು ಮೀನು ಮೂರನೇ ಸುತ್ತಿಗೆ ಬಾಯಿ ಹಾಕಿದ್ದವು.

ನೇರಳೆ ಹಣ್ಣಿನ ಮಾತು ಈಗ. ಈ ಮೀನಿಗೂ ಅವಸರ ಬರುವ ಒಂದು ಕಾಲ ಇದೆ. ಮೇ ಕೊನೆಗೆ, ಮಳೆಗಾಲ ಹಿಡಿಯುವ ಮೊದಲು, ಕೆರೆಯ ಮೇಲೆ ಬಾಗಿದ ನೇರಳೆ ಮರದಿಂದ ಹಣ್ಣು ಬೀಳುತ್ತದೆ. ಹುಲ್ಲು ಎಲ್ಲ ಕಡೆ ಇದೆ. ಹಣ್ಣು ಒಂದೊಂದೇ ಬೀಳುತ್ತದೆ, ಬಿದ್ದದ್ದನ್ನು ಮೊದಲು ಬಂದವನು ತಿಂದ. ಆಗ ಮರದ ಕೆಳಗೆ ಕಾದು ನಿಂತ ಮೀನುಗಳು ಟಪ್ ಅಂದ ಸದ್ದಿಗೇ ತಿರುಗುತ್ತವೆ. ವರ್ಷವಿಡೀ ಅವುಗಳನ್ನು ಓಡಿಸುವ ಸದ್ದೇ ಆಗ ಕರೆಯುತ್ತದೆ. ಅಮೆರಿಕದಲ್ಲಿ ಗೆಂಡೆ ಹಿಡಿಯುವವರು ಹಿಪ್ಪುನೇರಳೆ ಹಣ್ಣಿನ ಕಾಲಕ್ಕೆ ಹೀಗೇ ಕಾಯುತ್ತಾರೆ. ಕಡುನೇರಳೆ ಬಣ್ಣದ ಉಲ್ಲನ್ ಉಂಡೆ, ಬೆರಳ ತುದಿಯಷ್ಟು ದಪ್ಪ, 8 ನಂಬರ್ ಕೊಕ್ಕೆ. ಇದನ್ನು ಮೃದುವಾಗಿ ಇಳಿಸಬೇಡಿ. ಹಣ್ಣು ಬಿದ್ದ ಹಾಗೆ ಬೀಳಲಿ, ಆದರೆ ಲೈನ್ ಮಾತ್ರ ಮರದ ಕೆಳಗೆ ಬೀಳದಿರಲಿ. ನಿಜವಾದ ಹಣ್ಣು ಬಿದ್ದ ಒಂದೆರಡು ಸೆಕೆಂಡಿನೊಳಗೆ, ಅದರಿಂದ ಎರಡಡಿ ದೂರಕ್ಕೆ ಹಾಕಿದರೆ ಎರಡನೆಯ ಮೀನು ಇದಕ್ಕೆ ಬರುತ್ತದೆ.

ಬಾಯಿ ಹಾಕಿದ ಮೇಲೆ

ಬಾಯಿ ಹಾಕುವುದು ಬಹಳ ಮೆಲ್ಲಗೆ. ಬಿಳಿ ತುಟಿ ತೆರೆಯುವುದು ಕಾಣುತ್ತದೆ, ಮುಚ್ಚುವುದು ಕಾಣುತ್ತದೆ. ತೆರೆದಾಗ ಎಳೆದರೆ ಫ್ಲೈ ಹೊರಗೆ ಬರುತ್ತದೆ. ಗಂಟಲ ಹಲ್ಲಿನವರೆಗೆ ಹುಲ್ಲು ಎಳೆದುಕೊಳ್ಳಲು ಅದಕ್ಕೆ ಸ್ವಲ್ಪ ಸಮಯ ಬೇಕು. ಬಾಯಿ ಮುಚ್ಚಿ, ತಲೆ ಕೆಳಗೆ ಮಾಡುವವರೆಗೆ ಕಾಯಿರಿ. ತೀರಾ ತಡ ಮಾಡಿದರೆ ಉಗಿಯುತ್ತದೆ. ಎಳೆಯುವಾಗಲೂ ಕೋಲು ಮೇಲೆತ್ತಬೇಡಿ. ಎಡಗೈಯಲ್ಲಿ ಲೈನನ್ನು ಒಂದು ಮೊಳ ಬಿಗಿಯಾಗಿ ಎಳೆಯಿರಿ. ತಪ್ಪಿದರೆ ಫ್ಲೈ ನೀರಿನಲ್ಲೇ ಉಳಿಯುತ್ತದೆ, ಮೀನಿಗೆ ಗಾಬರಿ ಕಡಿಮೆ.

ಸಿಕ್ಕಿದ ಮೊದಲ ನಿಮಿಷ ಎಷ್ಟೋ ಸಲ ಏನೂ ಆಗುವುದಿಲ್ಲ. ಮರದ ತುಂಡು ಎಳೆದ ಹಾಗೆ ಜೊತೆಗೇ ಬರುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಅಂಚಿನ ಹತ್ತಿರ ಬಂದು ನಿಮ್ಮನ್ನೋ ಬಲೆಯನ್ನೋ ನೋಡಿದ ಕ್ಷಣ ಅದು ಸಿಡಿಯುತ್ತದೆ. ನಾನು ಮೊದಲು ಕಳೆದುಕೊಂಡ ಮೀನು ಹೀಗೇ ಹೋದದ್ದು. ಸಡಿಲ ಲೈನ್ ಕಾಲಿನ ಕೆಳಗೆ ಬಿದ್ದಿತ್ತು, ಶೂಗೆ ಸುತ್ತಿಕೊಂಡಿತು, ಟಿಪ್ಪೆಟ್ ತುಂಡಾಯಿತು. ಮೀನು ಶಾಂತವಾಗಿ ಬರುತ್ತಿರುವಾಗಲೇ ಸಡಿಲ ಲೈನೆಲ್ಲ ರೀಲ್‌ಗೆ ಸುತ್ತಿಡಿ. ಬಲೆಯನ್ನು ಕೊನೆಯವರೆಗೂ ತೋರಿಸಬೇಡಿ.

ಹಿಡಿದ ಮೀನನ್ನು ಏನು ಮಾಡಬೇಕು ಅನ್ನುವುದು ಕೆರೆಯ ಯಜಮಾನರ ಮಾತು. ಸಾಕಿದ್ದೇ ತಿನ್ನಲು ಅಂದರೆ ತಪ್ಪೇನಿಲ್ಲ. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ, ಹಾಕಿದ ಸಾರಿಗೆ ಚೆನ್ನಾಗಿರುತ್ತದೆ, ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಬಿಡಿಸಿ ಕೊಡಿ. ನಾನು ಬಿಡುತ್ತೇನೆ. ಅದು ಕೆರೆಯಲ್ಲಿ ಮರಿ ಮಾಡುವುದಿಲ್ಲ, ತೆಗೆದದ್ದು ತೆಗೆದದ್ದೇ. ಕೆರೆಯ ಹೈಡ್ರಿಲ್ಲಾ ಕಳೆ ತಿಂದು ನೀರು ಬಿಡುವುದೂ ಅದೇ. ಬಿಡುವುದಾದರೆ ಕೈ ಒದ್ದೆ ಮಾಡಿಕೊಳ್ಳಿ, ಒಣ ಮಣ್ಣಿನ ಮೇಲೆ ಹಾಕಬೇಡಿ, ನೀರಿನಲ್ಲೇ ಕೊಕ್ಕೆ ಬಿಡಿಸಿ. ತಾನಾಗಿ ಹೋಗುವವರೆಗೆ ನೆಟ್ಟಗೆ ಹಿಡಿದಿರಿ.

ಒಂದು ಸಿಕ್ಕ ಮೇಲೆ ಆ ಮೂಲೆ ಆ ದಿನಕ್ಕೆ ಮುಗಿಯಿತು. ಗೆಂಡೆ ಜಾತಿಯ ಮೀನಿನ ಚರ್ಮಕ್ಕೆ ಗಾಯವಾದರೆ ಒಂದು ರಸ ನೀರಿಗೆ ಸೇರುತ್ತದೆ, ಉಳಿದ ಮೀನು ಅದರ ವಾಸನೆಗೆ ಹೆದರುತ್ತವೆ. ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಇದನ್ನು ಸಣ್ಣ ಮೀನುಗಳಲ್ಲಿ ಕಂಡುಹಿಡಿದರು. ಜೇನುಹುಳದ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರು ಅವರೇ. ಗಾಯ ಇಲ್ಲದಿದ್ದರೂ ಅಷ್ಟು ಗಲಾಟೆ ಆದ ಮೇಲೆ ಯಾವ ಮೀನು ತಾನೇ ನಿಲ್ಲುತ್ತದೆ?

ಇನ್ನೆರಡು ವಿಷಯ ಒತ್ತಿ ಹೇಳಬೇಕು. ಹುಲ್ಲುಗೆಂಡೆಯನ್ನು ಹೊಳೆಗೆ ಬಿಡಬೇಡಿ. ವಾಲ್ನೂರಿನ ಹತ್ತಿರ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಕಾಪಾಡಿಕೊಂಡು ಬಂದಿರುವ ಕಾವೇರಿಯಲ್ಲಿ ಬಿಳಿ ಮೀನು ಇದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಆ ನೀರಿಗೆ ಹೊರಗಿನ ಮೀನು ಸೇರಿಸುವುದು ದೊಡ್ಡ ತಪ್ಪು. ಜುಲೈ, ಆಗಸ್ಟ್‌ನಲ್ಲಿ ಕೋಡಿ ಹರಿಯುವಾಗ ಮೀನು ತೋಡಿಗೆ ಇಳಿದು ಹೊಳೆ ಸೇರುತ್ತದೆ. ಮಳೆಗೆ ಮೊದಲೇ ಕೋಡಿಗೆ ಗಟ್ಟಿ ಜಾಲರಿ ಹಾಕಿಸಿ, ಕಸ ಕಟ್ಟದಂತೆ ನೋಡಿಕೊಳ್ಳಿ. ಎರಡನೆಯದು ಆನೆ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ಕೆರೆಗಳಿಗೆ ಬೇಸಿಗೆಯಲ್ಲಿ ಆನೆ ನೀರಿಗೆ ಬರುತ್ತದೆ. ಸಂಜೆ ಮೀನು ಚೆನ್ನಾಗಿ ತಿನ್ನುತ್ತದೆ ಅನ್ನುವುದು ನಿಜ. ಆದರೂ ಐದು ಗಂಟೆಗೆ ಲೈನ್ ಸುತ್ತಿ ಹೊರಡಿ. ಬೆಳಿಗ್ಗೆ ಹೋಗುವ ಮೊದಲು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಕೇಳಿ, ಆನೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ.

ನಮ್ಮ ಕೆರೆಯಲ್ಲಿ ಕೋಡಿಯ ಹತ್ತಿರ ಒಂದು ಒಂಟಿ ಮೀನಿದೆ. ಬಾಲದ ಮೇಲಿನ ತುದಿ ಹರಿದಿದೆ, ಅದರಿಂದ ಗುರುತು ಸಿಗುತ್ತದೆ. ನಾಲ್ಕು ಬೇಸಿಗೆಯಲ್ಲಿ ಹುಲ್ಲು, ನಿಂಫ್, ಫೋಮ್ ಮೂರನ್ನೂ ನೋಡಿ ಬಿಟ್ಟು ಹೋಗಿದೆ. ಕಳೆದ ಮೇ ಕೊನೆಗೆ ಅದು ನೇರಳೆ ಮರದ ಕೆಳಗೆ ಬಂದದ್ದನ್ನು ಮೊದಲ ಸಲ ನೋಡಿದೆ. ಮೂರು ಹಣ್ಣು ತಿಂದಿತು, ಮೂರನ್ನೂ ಬಿದ್ದ ಸದ್ದಿಗೇ ತಿರುಗಿ ತಿಂದಿತು. ಅವತ್ತು ನನ್ನ ಡಬ್ಬಿಯಲ್ಲಿ ಉಲ್ಲನ್ ಉಂಡೆ ಇರಲಿಲ್ಲ. ಈ ಸಲ ಆರು ಕಟ್ಟಿಟ್ಟಿದ್ದೇನೆ.